ವಿಮಾನಕ್ಕೆ ಮದ್ದೂರು ಸ್ಟಾಪ್ ಇಲ್ಲ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ 157 ಕಿಲೋಮೀಟರ್. ಇದನ್ನು ತಿಳಿಯಲು ಈಗ ಯಾರೂ ಭೂಗೋಳದ ಮೇಷ್ಟ್ರನ್ನು ಹುಡುಕಬೇಕಾಗಿಲ್ಲ. ಮೊಬೈಲಿಗೆ ಎರಡು ಊರಿನ ಹೆಸರು ಕೊಟ್ಟರೆ ಸಾಕು, ದೂರ ಇಷ್ಟು, ಹೊತ್ತು ಇಷ್ಟು ಅಂತ ಕಕ್ಕಿಬಿಡುತ್ತದೆ. ಈ ಎರಡರ ನಡುವೆ ಮಂಡ್ಯ ಅಂತೊಂದು ಜಿಲ್ಲೆ ಇದೆ, ಅಲ್ಲಿ ಕಬ್ಬು-ಭತ್ತ ಬೆಳಕೊಂಡು ನಮ್ಮಂಥವರೂ ಬದುಕಿದ್ದೇವೆ ಅನ್ನುವುದನ್ನು ಮಾತ್ರ ಅದು ಬಾಯಿ ಬಿಟ್ಟು ಹೇಳುವುದಿಲ್ಲ.

ನಕ್ಷೆಯ ಮೇಲೆ ಸ್ಕೇಲು ಇಟ್ಟು ಆ ಗೆರೆಯ ಕೆಳಗೆ ಯಾರ್ಯಾರು ಬರುತ್ತಾರೆ ನೋಡೋಣ ಅಂತ ನಾನೂ ಒಮ್ಮೆ ಕೂತೆ. ಶ್ರೀರಂಗಪಟ್ಟಣ ಎಡಕ್ಕೆ ಉಳಿಯಿತು. ನಮ್ಮ ಪಾಂಡವಪುರ ಇನ್ನೂ ಎಡಕ್ಕೆ. ನಾಗಮಂಗಲ, ಕೆ.ಆರ್. ಪೇಟೆಗಳಂತೂ ಲೆಕ್ಕದಾಚೆ. ಗೆರೆ ನೇರವಾಗಿ ಹೋಗಿ ಮದ್ದೂರಿನ ನೆತ್ತಿ ಸವರಿ, ಆಮೇಲೆ ಯಲಹಂಕ ದಾಟಿ ದೇವನಹಳ್ಳಿ ಸೇರುತ್ತದೆ. ನಾಲ್ಕು ತಾಲ್ಲೂಕಿನವರು ಕತ್ತೆತ್ತಿ ನೋಡುವ ಭಾಗ್ಯವನ್ನೂ ಮದ್ದೂರಿನವರೇ ಹೊಡೆದುಕೊಂಡರಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚಾಯಿತು. ವಡೆಯಲ್ಲೂ ಅವರೇ ಮುಂದು, ಇದರಲ್ಲೂ ಅವರೇ.

ಈ ಸಂಶೋಧನೆಯನ್ನು ನಮ್ಮ ದೊಡ್ಡಪ್ಪನ ಮುಂದೆ ಬಿಚ್ಚಿದೆ. ದೊಡ್ಡಪ್ಪ ಬೂಕನಕೆರೆ ಕಡೆಯವರು, ಕೆ.ಆರ್. ಪೇಟೆ ತಾಲ್ಲೂಕು. ಜಗಲಿಯ ಮೇಲೆ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದರು. ಎಲ್ಲ ಕೇಳಿ, ಎಲೆಯ ತೊಟ್ಟು ಮುರಿದು ಕಂಬದ ಮೂಲೆಗೆ ಎಸೆದು, "ಮದ್ದೂರ್ ಮ್ಯಾಲೇ ಹೋಯ್ತದಾ? ಹಂಗಾದ್ರೆ ವಡೆಗೆ ನಿಲ್ಸ್ತಾರಾ?" ಅಂದರು.

"ನಿಲ್ಸಲ್ಲ ದೊಡ್ಡಪ್ಪ."

"ಮತ್ಯಾಕ್ಲಾ ಆ ಕಡೆಯಿಂದ ಹೋಗದು?"

ಅವರ ಪ್ರಕಾರ ಮದ್ದೂರಿನ ಮೇಲೆ ಹಾದುಹೋಗುವುದಕ್ಕೆ ವಡೆಯ ಹೊರತು ಬೇರೆ ಸಕಾರಣ ಇರಲು ಸಾಧ್ಯವಿಲ್ಲ. ವಿಷಯ ಬದಲಿಸೋಣ ಅಂತ ನಾನು ಹೊತ್ತಿನ ಲೆಕ್ಕಕ್ಕೆ ಬಂದೆ. ಗಾಳಿಯಲ್ಲಿರುವುದು ಅರ್ಧ ಗಂಟೆ, ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಯ ಹತ್ತಿರ ಹಾಕಿರುತ್ತಾರೆ ಅಂದೆ. ಅದೇ ತಪ್ಪಾಯಿತು.

"ಮಿಕ್ಕಿದ್ ಅರ್ಧ ಗಂಟೆ ಎಲ್ಲೋಯ್ತು?"

ದೊಡ್ಡಪ್ಪ ಕೃಷಿಪತ್ತಿನ ಸಹಕಾರ ಸಂಘದ ಲೆಕ್ಕ ನೋಡಿದವರು. ಅರ್ಧ ಗಂಟೆ ಕಾಣೆಯಾದರೆ ಬಿಡುವ ಪೈಕಿ ಅಲ್ಲ. ನಿಜ ಹೇಳಬೇಕೆಂದರೆ ಈ ಪ್ರಶ್ನೆಗೆ ಒಳ್ಳೆಯ ಉತ್ತರವಿದೆ. ವಿಮಾನದವರು ಪ್ರಯಾಣದ ಹೊತ್ತನ್ನು ಎಣಿಸುವುದು ಚಕ್ರ ನೆಲ ಬಿಟ್ಟ ಗಳಿಗೆಯಿಂದಲ್ಲ. ನಿಂತ ವಿಮಾನ ಜಾರದಿರಲಿ ಅಂತ ಚಕ್ರಕ್ಕೆ ಅಡ್ಡ ಕೊಟ್ಟಿರುತ್ತಾರೆ, ನಮ್ಮ ಕಬ್ಬಿನ ಲಾರಿ ಕ್ಲೀನರು ಏರಿನಲ್ಲಿ ಹಿಂದಿನ ಗಾಲಿಗೆ ಕಲ್ಲು ಕೊಡುವ ಹಾಗೆ. ಆ ಅಡ್ಡ ತೆಗೆದಾಗ ಎಣಿಕೆ ಶುರು, ಆಚೆ ಊರಲ್ಲಿ ಮತ್ತೆ ಅಡ್ಡ ಕೊಟ್ಟಾಗ ಮುಕ್ತಾಯ. ನಡುವೆ ನೆಲದ ಮೇಲೆ ತೆವಳಿದ್ದು, ಸರದಿಗೆ ಕಾದದ್ದು, ಇಳಿದ ಮೇಲೆ ಜಾಗ ಹುಡುಕಿದ್ದು ಎಲ್ಲವೂ ಪ್ರಯಾಣವೇ.

ಈ ದಾರಿಯಲ್ಲಿ ಓಡಾಡುತ್ತಿದ್ದದ್ದು ರೆಕ್ಕೆಗೆ ಪಂಖ ಕಟ್ಟಿದ ಎಟಿಆರ್ ಜಾತಿಯ ಸಣ್ಣ ವಿಮಾನ. ಅದರ ಓಟ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ಭಾಗಾಕಾರ ಹಾಕಿದರೆ 157 ಕಿಲೋಮೀಟರಿಗೆ 19 ನಿಮಿಷ. ಆದರೆ ವಿಮಾನ ಏರಬೇಕಲ್ಲ, ಇಳಿಯಬೇಕಲ್ಲ. ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಅದರ ಮೇಲೆ ಮಂಡಕಳ್ಳಿಯಲ್ಲಾಗಲಿ ದೇವನಹಳ್ಳಿಯಲ್ಲಾಗಲಿ ರನ್‌ವೇ ಇರುವುದು ಪೂರ್ವ–ಪಶ್ಚಿಮವಾಗಿ. ನಾವು ಹೋಗಬೇಕಾದದ್ದು ಈಶಾನ್ಯಕ್ಕೆ. ಹೊರಡುವಾಗ ಪೂರ್ವಕ್ಕೋ ಪಶ್ಚಿಮಕ್ಕೋ ಮೂತಿ ಮಾಡಿ ಎದ್ದು, ಆಮೇಲೆ ತಿರುಗಬೇಕು. ಇಳಿಯುವಾಗಲೂ ಗಾಳಿ ಯಾವ ಕಡೆಯಿಂದ ಬೀಸುತ್ತದೋ ಅದಕ್ಕೆ ಎದುರಾಗಿ ಬರಲು ಒಂದು ಸುತ್ತು ಬಳಸಬೇಕು. ಅಂದರೆ ಮೊಬೈಲು ಹೇಳಿದ ನೇರ ಗೆರೆಯಲ್ಲಿ ಯಾವ ವಿಮಾನವೂ ಹೋಗುವುದಿಲ್ಲ. ಮದ್ದೂರಿನವರ ನೆತ್ತಿಯ ಯೋಗವೂ ಕಾಗದದ ಮೇಲಿನದೇ ಅಂತ ತಿಳಿದಾಗ ನನ್ನ ಹೊಟ್ಟೆಕಿಚ್ಚು ಇಳಿಯಿತು.

"ಇನ್ನೊಂದು ವಿಷ್ಯ ದೊಡ್ಡಪ್ಪ, ಅವರ ಲೆಕ್ಕದಲ್ಲಿ ಮೈಲಿ ಬೇರೆ. ಅವರದು 1.852 ಕಿಲೋಮೀಟರಿಗೆ ಒಂದು ಮೈಲಿ. ಈ ದೂರ ಅವರಿಗೆ ಬರೀ 85 ಮೈಲಿ."

"ಅವ್ರ್ ಮೈಲಿ ನಮ್ಮದಕ್ಕಿಂತ ದೊಡ್ಡದಾ?"

"ಹೂಂ."

"ಅದಕ್ಕೇ ಅಷ್ಟು ದುಡ್ಡು ಕೇಳದು," ಅಂತ ತೀರ್ಪು ಕೊಟ್ಟು ಸುಣ್ಣದ ಡಬ್ಬಿಗೆ ಬೆರಳಿಟ್ಟರು.

ಮಂಡಕಳ್ಳಿಯ ವಿಮಾನಗಳ ಕಥೆ ಹೇಳಲು ಹೊರಟರೆ ಅದೊಂದು ಬರುವ–ಹೋಗುವ ಅಳಿಯಂದಿರ ಪುರಾಣ. ನಿಲ್ದಾಣ ಮಹಾರಾಜರ ಕಾಲದ್ದು, 1940ರ ದಶಕದ್ದು. 1980ರ ದಶಕದಲ್ಲಿ ವಾಯುದೂತ್ ಬಂತು, ಹೋಯಿತು. ನಿಲ್ದಾಣವನ್ನು ಹೊಸದಾಗಿ ಕಟ್ಟಿ 2010ರ ಮೇ ತಿಂಗಳಲ್ಲಿ ಉದ್ಘಾಟಿಸಿದವರು ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು. ಅದೇ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಬೆಂಗಳೂರಿನಿಂದ ಹಾರಿ ಬಂತು. ಮರುವರ್ಷ ಮುಗಿಯುವುದರೊಳಗೆ ಕಾಣೆ. 2013ರಲ್ಲಿ ಸ್ಪೈಸ್‌ಜೆಟ್, 2017ರಲ್ಲಿ ಉಡಾನ್ ಯೋಜನೆಯಡಿ ಚೆನ್ನೈಗೆ ಟ್ರೂಜೆಟ್, 2019ರಲ್ಲಿ ಬೆಂಗಳೂರಿಗೆ ಅಲಯನ್ಸ್ ಏರ್. ಪ್ರತಿಸಲವೂ ಮೊದಲ ವಿಮಾನಕ್ಕೆ ಫೈರ್ ಇಂಜಿನ್ನಿನಿಂದ ನೀರಿನ ಕಮಾನು, ಫೋಟೊ, ಹಾರ. ವಿಮಾನ ನಿಂತುಹೋಗುವಾಗ ಮಾತ್ರ ಯಾರೂ ನೀರು ಚಿಮುಕಿಸುವುದಿಲ್ಲ.

ಯಾಕೆ ನಿಲ್ಲುತ್ತವೆ ಅಂದರೆ ಕಾರಣ ಹುಡುಕಲು ಸಮಿತಿ ಬೇಕಾಗಿಲ್ಲ. ರನ್‌ವೇ ಉದ್ದ 1,740 ಮೀಟರ್. ದೊಡ್ಡ ಜೆಟ್ಟುಗಳು ಹೊಟ್ಟೆತುಂಬ ಜನರನ್ನು ತುಂಬಿಕೊಂಡು ಏಳಲು ಅದು ಸಾಲದು. ಉದ್ದ ಮಾಡೋಣ ಅಂದರೆ ನಂಜನಗೂಡಿನ ಹೆದ್ದಾರಿ ಅಡ್ಡ, ಅದರ ಮಗ್ಗುಲಲ್ಲಿ ರೈಲು ಹಳಿ ಅಡ್ಡ. ಹೆದ್ದಾರಿಯನ್ನು ನೆಲದೊಳಗೆ ಇಳಿಸೋಣ ಅಂತ ಒಬ್ಬರು, ಬಳಸಿ ಕಳಿಸೋಣ ಅಂತ ಇನ್ನೊಬ್ಬರು. ಹೀಗೆ ಮಾತು ವರ್ಷಗಟ್ಟಲೆ ಟ್ಯಾಕ್ಸಿವೇಯಲ್ಲೇ ತೆವಳುತ್ತಿದೆ. ಇನ್ನು ಬೆಂಗಳೂರಿಗೆ ಹಾರುವವರು ಯಾರು? ಮೈಸೂರಿನ ಮನೆಯಿಂದ ಮಂಡಕಳ್ಳಿಗೆ ಹೋಗಿ, ಮುಂಚಿತವಾಗಿ ಕೂತು, ಹಾರಿ, ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ಜಯನಗರಕ್ಕೆ ಬರುವಷ್ಟರಲ್ಲಿ, ಅದೇ ಹೊತ್ತಿಗೆ ರೈಲು ಹತ್ತಿದವನು ಊಟ ಮಾಡಿ ಮಲಗಿರುತ್ತಾನೆ. ದೇವನಹಳ್ಳಿಯಿಂದ ಮುಂದಕ್ಕೆ ಇನ್ನೊಂದು ವಿಮಾನ ಹಿಡಿಯುವವರಿಗಷ್ಟೇ ಇದರ ರುಚಿ.

ಯಡಿಯೂರಪ್ಪನವರ ಹೆಸರು ಬಂತು ನೋಡಿ, ದೊಡ್ಡಪ್ಪನ ಎದೆ ಎರಡು ಅಂಗುಲ ಅಗಲವಾಯಿತು. ಯಡಿಯೂರಪ್ಪನವರು ಹುಟ್ಟಿದ್ದು ಬೂಕನಕೆರೆಯಲ್ಲಿ. ಬೆಳೆದು ರಾಜಕಾರಣ ಮಾಡಿದ್ದು ಶಿಕಾರಿಪುರದಲ್ಲಿ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು, ಅವರ ಎಂಬತ್ತನೇ ಹುಟ್ಟುಹಬ್ಬದ ದಿನವೇ ಉದ್ಘಾಟನೆಯಾಯಿತು. ಹೆಸರು ಕುವೆಂಪು ಅವರದು, ರನ್‌ವೇ 3,200 ಮೀಟರ್, ಮಂಡಕಳ್ಳಿಯದಕ್ಕೆ ಹೆಚ್ಚುಕಮ್ಮಿ ಎರಡರಷ್ಟು.

"ನಮ್ಮೂರ್ ಮಗ ಅಲ್ಲೋಗಿ ಏರೋಪ್ಲೇನ್ ಸ್ಟ್ಯಾಂಡ್ ಕಟ್ಸವ್ನೆ. ಬೂಕನಕೆರೆಗೊಂದು ಕಟ್ಸಿದ್ರೆ ಏನಾಗ್ತಿತ್ತು?" ಇದು ದೊಡ್ಡಪ್ಪನ ಬಹಳ ದಿನದ ದೂರು.

"ಬೂಕನಕೆರೆಯಿಂದ ಎಲ್ಲಿಗೆ ಹೋಗ್ತೀರ ದೊಡ್ಡಪ್ಪ?"

"ನಾನ್ಯಾಕ್ ಹೋಗ್ಲಿ? ಇರ್ಲಿ ಅಂದೆ."

ಈ "ಇರ್ಲಿ" ಅನ್ನುವುದರಲ್ಲಿ ಇಡೀ ನಾಡಿನ ವಿಮಾನ ನೀತಿ ಅಡಗಿದೆ. ಹಾಸನದವರು ದಶಕಗಳಿಂದ ತಮ್ಮ ನಿಲ್ದಾಣಕ್ಕೆ ಕಾಯುತ್ತಲೇ ಇದ್ದಾರೆ; ದೇವೇಗೌಡರು ಪ್ರಧಾನಿಯಾಗಿ ಇಳಿದು ಎಷ್ಟೋ ವರ್ಷವಾಯಿತು. ಹಾಗಂತ ಆ ಕಡೆಯವರಿಗೆ ಆಕಾಶ ಹೊಸದೂ ಅಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಒಂದು ರೂಪಾಯಿಗೂ ಟಿಕೆಟ್ ಕೊಟ್ಟು ದೇಶವನ್ನೇ ತಬ್ಬಿಬ್ಬು ಮಾಡಿದರು. ಗೊರೂರು ದಾಟಿದ ಹೇಮಾವತಿ ಕೆಳಗೆ ಹರಿದು ಬರುವುದು ನಮ್ಮ ಕೆ.ಆರ್. ಪೇಟೆಗೇ. ನೀರು ಬಂತು, ವಿಮಾನ ಬರಲಿಲ್ಲ.

ಹಾಗೆ ನೋಡಿದರೆ ಹಾರುವ ವಿದ್ಯೆಯಲ್ಲಿ ನಮ್ಮವರು ಯಾರಿಗೂ ಕಮ್ಮಿಯಿಲ್ಲ. ರೈಟ್ ಸಹೋದರರ ತಾತ ಹುಟ್ಟುವುದಕ್ಕೂ ಮುಂಚೆ ಶ್ರೀರಂಗಪಟ್ಟಣದಿಂದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಹಾರಿವೆ. ಹೈದರ್, ಟಿಪ್ಪು ಸೈನ್ಯದ ಆ ಬಾಣಗಳು ಒಂದೆರಡು ಕಿಲೋಮೀಟರ್ ದೂರದ ಶತ್ರುವಿನ ಡೇರೆಗೆ ಬೆಂಕಿ ಹಚ್ಚುತ್ತಿದ್ದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ಮೂಟೆ ಕಟ್ಟಿ ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಕಾಂಗ್ರೀವ್ ಅನ್ನುವವನು ನೋಡಿ ತನ್ನ ರಾಕೆಟ್ ಮಾಡಿದ. ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರದ ಗೋಡೆಯ ಮೇಲೆ ಟಿಪ್ಪು ಸೈನ್ಯದ ರಾಕೆಟ್ ಯುದ್ಧದ ಚಿತ್ರ ಕಂಡದ್ದನ್ನು ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂದರೆ ಶ್ರೀರಂಗಪಟ್ಟಣದ ಸರಕು ಅಮೆರಿಕ ತಲುಪಿಯೇ ಎಷ್ಟೋ ಕಾಲವಾಯಿತು. ಪಾಸ್‌ಪೋರ್ಟ್ ಇರಲಿಲ್ಲ ಅಷ್ಟೆ.

ನಾಗಮಂಗಲದವರನ್ನು ಕೇಳಿ. ಅವರಿಗೆ ಆದಿಚುಂಚನಗಿರಿಯ ನವಿಲು ಇದೆ. ಅಲ್ಲಿ ನವಿಲುಗಳಿಗಾಗಿಯೇ ರಕ್ಷಿತಾರಣ್ಯ ಇದೆ. ನವಿಲು ಹಾರುತ್ತದೆ, ಇಲ್ಲ ಅನ್ನುವಂತಿಲ್ಲ. ಮರದಿಂದ ಬಂಡೆಗೆ, ಬಂಡೆಯಿಂದ ಮರಕ್ಕೆ. ನಮ್ಮ ಮಂಡಕಳ್ಳಿ ಸೇವೆಗಿಂತ ನಿಯಮಿತವಾಗಿ ಅಂತ ನಾಗಮಂಗಲದ ಬಾವ ಹೇಳುತ್ತಾರೆ. ಇನ್ನು ಚಳಿಗಾಲಕ್ಕೆ ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನುವ ಊರಿನ ಕೆರೆಯಲ್ಲಿ ಇಳಿಯುತ್ತವೆ. ಮಂಡಕಳ್ಳಿಯ ಪಕ್ಕದಲ್ಲೇ ಅನ್ನಿ. ರನ್‌ವೇ ಚಿಕ್ಕದಾಯಿತು ಅಂತ ಅವು ಯಾವತ್ತೂ ತಕರಾರು ಮಾಡಿದ್ದಿಲ್ಲ.

ಈಗ ಅಸಲು ಮಾತಿಗೆ ಬರೋಣ. ನಾಲ್ಕು ತಾಲ್ಲೂಕಿನ ನಮಗೆ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಕಟ್ಟಿಕೊಂಡು ಏನಾಗಬೇಕು? ನಮಗೆ ಬೇಕಾದ್ದು ಮನೆ ಬಾಗಿಲಿಂದ ನಿಲ್ದಾಣದ ಬಾಗಿಲಿನ ದೂರ. ಅದನ್ನು ಯಾವ ಮೊಬೈಲೂ ಸರಿಯಾಗಿ ಹೇಳುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಒಬ್ಬ ವಿಮಾನ ಹತ್ತಬೇಕಾದರೆ ಊರೇ ಹತ್ತಬೇಕು. ಟೆಂಪೊ ಟ್ರಾವೆಲರನ್ನು.

ದೊಡ್ಡಪ್ಪನ ಮೊಮ್ಮಗ ಅಮೆರಿಕಕ್ಕೆ ಓದಲು ಹೊರಟಾಗಿನ ದೃಶ್ಯ ನೋಡಬೇಕಿತ್ತು. ವಿಮಾನದವರು ಒಂದು ಪೆಟ್ಟಿಗೆಗೆ 23 ಕೆ.ಜಿ. ಅಂತ ಗೆರೆ ಹಾಕಿದ್ದಾರೆ. ಪೆಟ್ಟಿಗೆಯನ್ನು ತೂಗಲು ಹಿಟ್ಟಿನ ಗಿರಣಿಗೆ ಒಯ್ದರು. ಅಲ್ಲಿ ರಾಗಿ ಮೂಟೆ ತೂಗುವ ತಕ್ಕಡಿಯ ಮೇಲೆ, ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ಗಿರಣಿಯವನು ಹೊಸ ಸೂಟ್‌ಕೇಸನ್ನು ಇಟ್ಟ. 31. ದೊಡ್ಡಮ್ಮ ಬೀಗ ತೆಗೆದರು. ರಾಗಿ ಹಿಟ್ಟು ಐದು ಕೆ.ಜಿ., ಅಚ್ಚು ಬೆಲ್ಲ, ಹುರುಳಿಕಾಳು, ಹುಚ್ಚೆಳ್ಳು ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಮೇಲುಕೋಟೆಯಿಂದ ತರಿಸಿದ ಪುಳಿಯೋಗರೆ ಗೊಜ್ಜು. ಯಾವುದನ್ನು ತೆಗೆಯುವುದು? ದೊಡ್ಡಮ್ಮ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಮತ್ತೆ ಒಳಗೇ ಇಟ್ಟರು. ಕೊನೆಗೆ ತೀರ್ಮಾನವಾಗಿ ಹೊರಬಂದದ್ದು ಹುಡುಗನ ಎರಡು ದಪ್ಪ ಪುಸ್ತಕ, ಒಂದು ಜೊತೆ ಬೂಟು. ಪುಸ್ತಕ ಅಲ್ಲೂ ಸಿಗುತ್ತದೆ, ಹುಚ್ಚೆಳ್ಳು ಸಿಗುತ್ತದೆಯೇ ಅನ್ನುವುದು ವಾದ. ಗೊಜ್ಜಿನ ಡಬ್ಬಿ ಕೈಚೀಲಕ್ಕೆ ಹೋಯಿತು. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಬಿಡುವುದಿಲ್ಲ ಅಂತ ನಾನು ಹೇಳಿ ನೋಡಿದೆ. "ಗೊಜ್ಜು ದ್ರವ ಯೆಂಗಾಯ್ತದೆ? ಚಮಚ ನಿಲ್ತದೆ ಅದರಲ್ಲಿ," ಅಂದರು ದೊಡ್ಡಮ್ಮ. ಭದ್ರತೆಯವರ ಮುಂದೆ ಈ ವಾದ ಮಂಡಿಸಲು ಅವರನ್ನು ಒಳಗೆ ಬಿಡಲಿಲ್ಲ ಅನ್ನುವುದು ದೇಶದ ವಿಮಾನಯಾನಕ್ಕೆ ಒಳ್ಳೆಯದಾಯಿತು.

ವಿಮಾನ ಮಧ್ಯಾಹ್ನಕ್ಕೆ. ಊರು ಬಿಟ್ಟದ್ದು ಕೋಳಿ ಕೂಗುವ ಮುಂಚೆ. ಕೆ.ಆರ್. ಪೇಟೆ, ನಾಗಮಂಗಲ ಕಡೆಯವರಿಗೆ ಮೈಸೂರಿನ ಗೊಡವೆಯೇ ಬೇಕಿಲ್ಲ. ನಾಗಮಂಗಲ ದಾಟಿ ಬೆಳ್ಳೂರು ಕ್ರಾಸಿನಲ್ಲಿ ಮಂಗಳೂರು ಹೆದ್ದಾರಿ ಸೇರಿ, ಕುಣಿಗಲ್, ನೆಲಮಂಗಲ, ಅಲ್ಲಿಂದ ದೊಡ್ಡಬಳ್ಳಾಪುರದ ದಿಕ್ಕಿಗೆ ತಿರುಗಿದರೆ ದೇವನಹಳ್ಳಿ. ಇದು ಗೂಗಲ್ಲಿನ ದಾರಿ. ನಮ್ಮ ದಾರಿಯಲ್ಲಿ ನಾಗಮಂಗಲದ ಬಾವನ ಮನೆ ಕಾಫಿ ಇದೆ. ಅದನ್ನು ಬಿಟ್ಟರೆ ಮುಂದಿನ ಹಬ್ಬಕ್ಕೆ ಮಾತಿಲ್ಲ. ಬೆಳ್ಳೂರು ಕ್ರಾಸಿನ ತಟ್ಟೆ ಇಡ್ಲಿ ಇದೆ. ಕುಣಿಗಲ್ ಹತ್ತಿರ ಯಾರಿಗೋ ವಾಂತಿ ಇದೆ. ಇಷ್ಟೆಲ್ಲ ಆಗಿ ನಿಲ್ದಾಣದ ಬಾಗಿಲಿಗೆ ಬಂದರೆ, ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ ಅಂತ ಬಂದೂಕು ಹಿಡಿದವನು ನಿಂತಿದ್ದಾನೆ. ಹುಡುಗ ಎಲ್ಲರ ಕಾಲಿಗೂ ಬಿದ್ದು ಒಳಗೆ ಹೋದ. ಗಾಜಿನಾಚೆ ಅವನ ತಲೆ ಮರೆಯಾದ ಮೇಲೂ ನಮ್ಮವರು ಯಾವುದೋ ತಲೆಗೆ ಕೈ ಬೀಸುತ್ತಲೇ ಇದ್ದರು. ಆ ತಲೆಯೂ ಪಾಪ, ಮರ್ಯಾದೆಗೆ ಒಮ್ಮೆ ಕೈ ಬೀಸಿತು.

"ಆಯ್ತಲ್ಲ, ಇಲ್ಲಿಗಂಟ ಬಂದಿದ್ದೀವಿ, ಘಾಟಿ ಸುಬ್ರಹ್ಮಣ್ಯಕ್ಕೂ ಹೋಗ್ಬುಡವ," ಅಂದರು ದೊಡ್ಡಪ್ಪ. ದೊಡ್ಡಬಳ್ಳಾಪುರ ತಾಲ್ಲೂಕಿನ ಆ ದೇವರಿಗೆ ನಮ್ಮ ಕಡೆಯಿಂದ ಹೋಗುವ ಭಕ್ತರಲ್ಲಿ ಎಷ್ಟು ಮಂದಿ ವಿಮಾನ ಹತ್ತಿಸಲು ಬಂದವರು ಅಂತ ದೇವಸ್ಥಾನದವರು ಒಂದು ಲೆಕ್ಕ ಇಡಬೇಕು. ಪೂಜೆ, ಊಟ, ನಿದ್ದೆ, ಮತ್ತೆ ನಾಗಮಂಗಲದ ಬಾವನ ಮನೆ. ಹುಡುಗನ ವಿಮಾನ ಅರಬ್ಬರ ನಾಡಿಗೆ ಇಳಿದು, ಇನ್ನೊಂದು ವಿಮಾನ ಹತ್ತಿ, ಸಮುದ್ರದ ಮೇಲೆ ಹೋಗುತ್ತಿರುವಾಗ ನಮ್ಮ ಗಾಡಿ ಬೂಕನಕೆರೆ ಸೇರಿತು.

ಅರಬ್ಬರ ನಾಡು ಅಂದಾಗ ಒಂದು ವಿಷಯ ನೆನಪಾಯಿತು. ಬೆಂಗಳೂರಿನಿಂದ ದುಬೈಗೆ ನೇರ ಗೆರೆ 2,700 ಕಿಲೋಮೀಟರ್ ಹತ್ತಿರ. ಹೋಗುವುದಕ್ಕೆ ಹಿಡಿಯುವುದಕ್ಕಿಂತ ಬರುವುದಕ್ಕೆ ಕಮ್ಮಿ ಹೊತ್ತು ಸಾಕು. ವರ್ಷದ ಬಹುಪಾಲು ಮೇಲೆ ಪಡುವಣದಿಂದ ಮೂಡಣಕ್ಕೆ ಜೋರಾಗಿ ಗಾಳಿ ಬೀಸುತ್ತದೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಚಳಿಗಾಲದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ದುಬೈಯಲ್ಲಿ ಕೆಲಸ ಮಾಡುವ ನಮ್ಮ ಪಾಂಡವಪುರದ ಹುಡುಗನೊಬ್ಬ ಇದಕ್ಕೆ ಬೇರೆಯೇ ಕಾರಣ ಕೊಡುತ್ತಾನೆ: "ಊರಿಗೆ ಅಂದ್ರೆ ವಿಮಾನಕ್ಕೂ ಉಮೇದು ಕಣಣ್ಣ."

ಶ್ರೀರಂಗಪಟ್ಟಣ, ಪಾಂಡವಪುರದ ನಮಗೆ ದೇವನಹಳ್ಳಿಗೆ ದಶಪಥ ಇದೆ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ 118 ಕಿಲೋಮೀಟರ್ ರಸ್ತೆ. ಮೈಸೂರು–ಬೆಂಗಳೂರು 75 ನಿಮಿಷ ಅಂತ ಆಗ ಹೇಳಿದರು. ಸುಳ್ಳಲ್ಲ. ಆದರೆ ಅವರ ಬೆಂಗಳೂರು ಕೆಂಗೇರಿಯ ಹತ್ತಿರವೇ ಮುಗಿಯುತ್ತದೆ, ನಮ್ಮ ಬೆಂಗಳೂರು ಅಲ್ಲಿಂದ ಶುರುವಾಗುತ್ತದೆ. ಕೆಂಗೇರಿಯಿಂದ ಹೆಬ್ಬಾಳ ದಾಟುವುದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಓದುಗರಲ್ಲಿ ರಕ್ತದೊತ್ತಡ ಇರುವವರೂ ಇರುತ್ತಾರೆ. ನಮ್ಮ ನೆಲದ ಮೇಲೆಯೇ ಹಾಸಿದ ಈ ರಸ್ತೆಗೆ 2023ರ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅಂದರೆ ಮಂಡ್ಯದಲ್ಲಿ ಓಡುವ ಗಾಡಿಗಳಲ್ಲಿ ಮುಕ್ಕಾಲು ಪಾಲಿಗೆ ಪ್ರವೇಶವಿಲ್ಲ. ಅವು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಗಣಂಗೂರಿನಲ್ಲಿ ಟೋಲ್ ಮಾತ್ರ ನಮ್ಮ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ ಇಟ್ಟಿದ್ದಾರೆ, ಅಷ್ಟು ಮಟ್ಟಿಗೆ ನಮ್ಮನ್ನು ಮರೆತಿಲ್ಲ.

ದಶಪಥವೂ ಮದ್ದೂರನ್ನು ಮೇಲಿಂದಲೇ ದಾಟುತ್ತದೆ. ಕಾರು ಕಂಬಗಳ ಮೇಲೆ ಏರಿ, ಊರನ್ನು ಕೆಳಗೆ ಬಿಟ್ಟು ಹೋಗಿಬಿಡುತ್ತದೆ. ಮೊದಲು ಆ ಪೇಟೆಯಲ್ಲಿ ಕಾರು ನಿಂತು, ಬಾಗಿಲು ತೆರೆದು, ಎಣ್ಣೆ ಮೆತ್ತಿದ ಕಾಗದದ ಪೊಟ್ಟಣ ಒಳಗೆ ಹೋಗುತ್ತಿತ್ತು. ಈಗ ತಡೆರಹಿತ ಬಸ್ಸು ಊರೊಳಗೆ ಹೋಗದು. ಮೈಸೂರಿನ ವಂದೇ ಭಾರತ್ ರೈಲು ಅಲ್ಲಿ ನಿಲ್ಲದು. ವಿಮಾನದ್ದಂತೂ ಹೇಳಿದ್ದಾಯಿತು. ಹಾರುವ ಹುಚ್ಚು ಹತ್ತಿಕೊಂಡದ್ದು ವಿಮಾನಕ್ಕೊಂದೇ ಅಲ್ಲ ನೋಡಿ.

ಮೈಸೂರಿನಿಂದ ಕೆಎಸ್‌ಆರ್‌ಟಿಸಿಯವರು ನೇರ ದೇವನಹಳ್ಳಿಗೆ ಒಂದು ಬಸ್ಸು ಬಿಟ್ಟಿದ್ದಾರೆ, ಫ್ಲೈಬಸ್ ಅಂತ ಹೆಸರು. ಹಾರುವುದಿಲ್ಲ, ಆದರೆ ನಾನು ಕಂಡಂತೆ ಹಾರುವ ವಿಮಾನಗಳಿಗಿಂತ ಹೆಚ್ಚು ಕಾಲ ಬಾಳಿದೆ. ನಿದ್ದೆ ಚೆನ್ನಾಗಿ ಬರುತ್ತದೆ. ನನ್ನ ಮಟ್ಟಿಗೆ ಮೈಸೂರು–ಬೆಂಗಳೂರು ವಿಮಾನ ಸೇವೆ ಅಂದರೆ ಅದೇ.

ರೈಲು ಅಂದಾಗ ಇನ್ನೊಂದು ಪ್ರಯಾಣ ಹೇಳದಿದ್ದರೆ ಶ್ರೀರಂಗಪಟ್ಟಣದವರು ಬೇಸರಪಟ್ಟುಕೊಳ್ಳುತ್ತಾರೆ. ಮೈಸೂರು–ಬೆಂಗಳೂರು ದಾರಿಗೆ ಜೋಡಿ ಹಳಿ ಹಾಕಲು ಅಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವೊಂದು ಅಡ್ಡ ಬಂತು. ಒಡೆಯುವಂತಿಲ್ಲ, ಪಾರಂಪರಿಕ ಕಟ್ಟಡ. ವರ್ಷಗಟ್ಟಲೆ ಎಲ್ಲ ಕಡೆ ಜೋಡಿ ಹಳಿ, ಅಲ್ಲಿ ಮಾತ್ರ ಒಂಟಿ. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿನ ಆಸುಪಾಸು ಆಚೆಗೆ ಸರಿಸಿ ನಿಲ್ಲಿಸಿದರು. ಇನ್ನೂರು ವರ್ಷಕ್ಕೂ ಮೀರಿ ಕೂತಲ್ಲೇ ಕೂತಿದ್ದ ಮುದುಕಪ್ಪನಂಥ ಕಟ್ಟಡ. ವಿಮಾನದವರ ಕಲ್ಲು–ಅಡ್ಡದ ಲೆಕ್ಕ ಇದಕ್ಕೆ ಹಾಕಿದರೆ ಪ್ರಯಾಣದ ಹೊತ್ತು ಎಷ್ಟು ಬರುತ್ತದೆ ಅಂತ ದೊಡ್ಡಪ್ಪನೇ ಹೇಳಬೇಕು.

ದೂರ ಅನ್ನುವುದು ನಿಜವಾಗಿ ಬಯಲಾಗುವುದು ಹೆಣ್ಣು ಕೊಡುವಾಗ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನನ್ನ ಸೋದರತ್ತೆ ಇದ್ದಾರೆ, ನಿಮಿಷಾಂಬ ಗುಡಿಗೆ ಹೋಗುವ ದಾರಿಯಲ್ಲಿ ಮನೆ. ಮಗಳಿಗೆ ಗಂಡು ನೋಡುತ್ತಿದ್ದರು. ಬ್ರೋಕರ್ ಎರಡು ಜಾತಕ ತಂದಿದ್ದ. ಒಂದು ನಾಗಮಂಗಲದ್ದು: ಹುಡುಗ ಹೈಸ್ಕೂಲ್ ಮೇಷ್ಟ್ರು, ತೆಂಗಿನ ತೋಟ, ಒಬ್ಬನೇ ಮಗ. ಇನ್ನೊಂದು ಕ್ಯಾಲಿಫೋರ್ನಿಯಾದ್ದು: ಕಂಪ್ಯೂಟರು.

ಅತ್ತೆ ನಾಗಮಂಗಲದ್ದನ್ನು ಓದದೆಯೇ ಮಡಿಸಿಟ್ಟರು. "ನಾಗಮಂಗಲ ದೂರ ಆಯ್ತಪ್ಪ."

"ಅಮೆರಿಕ?" ಅಂದೆ ನಾನು.

"ಅದೇನ್ ದೂರ? ಬೆಂಗ್ಳೂರಲ್ಲಿ ಹತ್ತಿದ್ರೆ ಸೀದಾ ಅಲ್ಲೇ ಇಳಿಯದಂತೆ. ಟೀವೀಲೇ ಹೇಳಿದ್ರು."

ಟೀವಿಯವರು ಹೇಳಿದ್ದು ಆಗ ನಿಜವೇ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ನಡುವೆ ಎಲ್ಲೂ ನಿಲ್ಲದ ಸೇವೆ ಶುರುಮಾಡಿತು. ಅಲ್ಲಿಂದ ಹೊರಟ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲೆ ಹಾಯಿಸಿಕೊಂಡು ಬಂದವರು ಪೂರ್ತಿ ಹೆಣ್ಣುಮಕ್ಕಳೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಸುಮಾರು 14,000 ಕಿಲೋಮೀಟರ್, 17 ಗಂಟೆ. ಭೂಮಿ ಉರುಟಾಗಿರುವುದರಿಂದ ನಕ್ಷೆಯಲ್ಲಿ ಬಳಸು ಅಂತ ಕಾಣುವ ಧ್ರುವದ ದಾರಿಯೇ ಹತ್ತಿರದ ದಾರಿ. ಇದನ್ನು ನಾನು ಅತ್ತೆಯ ಮುಂದೆ ಕಿತ್ತಳೆಹಣ್ಣು ಇಟ್ಟು ವಿವರಿಸಿದೆ. ಅವರು ಹಣ್ಣು ಸುಲಿದು ನನಗೇ ಕೊಟ್ಟರು.

"ಅತ್ತೆ, ನಾಗಮಂಗಲ ಇಲ್ಲಿಂದ ಒಂದೂವರೆ ಗಂಟೆ. ಪಾಂಡವಪುರ, ಜಕ್ಕನಹಳ್ಳಿ ದಾಟಿದ್ರೆ ಬಂದೇಬಿಡ್ತು. ಬೆಳಿಗ್ಗೆ ಹೋಗಿ ಮಗಳನ್ನ ನೋಡ್ಕೊಂಡು ಸಂಜೆಗೆ ವಾಪಸ್ ಬರಬಹುದು."

"ಅದೇ ಕಣಪ್ಪ ತೊಂದ್ರೆ," ಅಂದಳು ಒಳಗಿನಿಂದ ಮಗಳು. "ಅಮ್ಮ ದಿನಾ ಬತ್ತಾರೆ."

ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಬ್ರೋಕರ್ ಕಡೆ ತಿರುಗಿ, "ನಾಗಮಂಗಲದಿಂದ ಗಂಜಾಮಿಗೆ ಡೈರೆಕ್ಟ್ ಬಸ್ ಐತಾ?" ಅಂದರು.

"ಗಂಜಾಮಿಗೆ ಇಲ್ಲ ಕಣಕ್ಕ. ಪಟ್ಟಣದ ಬಸ್ ಸ್ಟ್ಯಾಂಡಲ್ಲಿ ಇಳ್ಕೊಂಡು ಆಟೊ ಹಿಡೀಬೇಕು."

"ನೋಡ್ದಾ!" ಅಂದರು ಅತ್ತೆ ನನಗೆ. "ಅಮೆರಿಕಕ್ಕಾದ್ರೆ ಹತ್ತಿದ್ರೆ ಇಳಿಯದು ಅಷ್ಟೆ. ಇಲ್ಲಿ ಮಧ್ಯದಲ್ಲಿ ಇಳಿದು ಹತ್ತಬೇಕು. ಅದ್ರ ಮ್ಯಾಲೆ ಆ ಆಟೋದವ್ನು ಎಷ್ಟು ಕೇಳ್ತಾನೆ ಗೊತ್ತಾ?"